ನಿಲ್ಲುವುದಕ್ಕೊಂದು ಕಾಲು

ಕೃತಕ ಕಾಲು ಮಾಡುವ ಆ ಕಾರ್ಯಾಗಾರದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದ ಇಬ್ಬರು ಹೆಂಗಸರಿದ್ದರು. ಬಾಗಿಲ ಬಳಿ ಮೇಜು ಹಾಕಿಕೊಂಡು, ಬಂದವರಿಗೆ ಚೀಟಿ ಬರೆದುಕೊಟ್ಟು ಬೆಂಚಿನ ಮೇಲೆ ಕೂರಿಸುವವಳು ದೊಡ್ಡಕ್ಕ. ಒಳಗೆ ಪ್ಲಾಸ್ಟರು ಕಲಸಿ ಅಚ್ಚು ತೆಗೆಯುವವಳು ಸಣ್ಣಕ್ಕ. ಸಣ್ಣಕ್ಕನಿಗೆ ಮೂವತ್ತೊಂದು ವರ್ಷ. ಐದು ವರ್ಷ ಮೇಷ್ಟ್ರ ಕೈಕೆಳಗೆ ಕೆಲಸ ಕಲಿತಿದ್ದಳು. ಮೇಷ್ಟ್ರು ಅಂದರೆ ಕಾರ್ಯಾಗಾರದ ಮುಖ್ಯಸ್ಥರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಅವರ ಹತ್ತಿರ ಕಲಿತವರೆಲ್ಲ ಹಾಗೆ ಕರೆದೂ ಕರೆದೂ ಅದೇ ನಿಂತುಬಿಟ್ಟಿತ್ತು.

ಐದನೆಯ ವರ್ಷದ ಕೊನೆಗೆ ಮೇಷ್ಟ್ರು ಒಂದು ಫೈಲನ್ನು ಸಣ್ಣಕ್ಕನ ಮುಂದಿಟ್ಟು, "ಇದು ಪೂರ್ತಿ ನಿಂದು. ಅಳತೆಯಿಂದ ಹಿಡಿದು ನಡೆಸೋವರೆಗೆ. ನಾನು ಕೊನೆಗೆ ನೋಡಿ ಸಹಿ ಹಾಕ್ತೀನಿ, ಅಷ್ಟೆ" ಅಂದರು.

ಫೈಲಿನಲ್ಲಿದ್ದದ್ದು ಐವತ್ತು ದಾಟಿದ ಒಬ್ಬ ಕ್ಷೌರಿಕ. ರಸ್ತೆ ದಾಟುವಾಗ ಲಾರಿಯ ಚಕ್ರಕ್ಕೆ ಸಿಕ್ಕಿ ಬಲಗಾಲು ಮೊಣಕಾಲಿನಿಂದ ಒಂದು ಗೇಣು ಕೆಳಕ್ಕೆ ಹೋಗಿತ್ತು. ಗಾಯ ಪೂರ್ತಿ ಮಾಗಿ, ಊರುಗೋಲು ಅಭ್ಯಾಸವಾಗಿ, ಈಗ ಕಾಲು ಬೇಕೆಂದು ಬಂದಿದ್ದ. ಬಾಯಿ ತೆರೆದರೆ ತಮಾಷೆ. ಅಚ್ಚಿಗಾಗಿ ಒದ್ದೆ ಪ್ಲಾಸ್ಟರ್ ಬಟ್ಟೆ ಸುತ್ತುತ್ತಿದ್ದರೆ, "ಮೇಡಂ, ಇಷ್ಟು ವರ್ಷ ನಾನು ಬೇರೆಯವರಿಗೆ ಸೋಪು ಹಚ್ಚಿದ್ದಾಯ್ತು, ಈಗ ನೀವು ನನಗೆ ಹಚ್ಚಿ" ಎಂದು ನಗಿಸಿದ.

ಆ ಕಾರ್ಯಾಗಾರದಲ್ಲಿ ಯಾರೂ ಮೊಂಡುಗಾಲು ಅನ್ನುತ್ತಿರಲಿಲ್ಲ. ಉಳಿದ ಕಾಲು ಅನ್ನುತ್ತಿದ್ದರು. ಆ ಉಳಿದ ಕಾಲು ಕೂರುವ ಪ್ಲಾಸ್ಟಿಕ್ ಬಟ್ಟಲು ಸರಿಯಾಗಿ ಬಂದರೆ ಮುಕ್ಕಾಲು ಕೆಲಸ ಮುಗಿದಂತೆ. ಎಲುಬು ಚುಚ್ಚುವ ಕಡೆ ಸಡಿಲ ಬಿಡಬೇಕು, ಮಾಂಸ ಇರುವ ಕಡೆ ಬಿಗಿಯಬೇಕು. ಸಣ್ಣಕ್ಕ ಪ್ಲಾಸ್ಟರಿನ ಅಚ್ಚನ್ನು ಮೂರು ದಿನ ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ, ಮತ್ತೆ ಉಜ್ಜಿ ನಯ ಮಾಡಿದಳು. ಕಾಲು ಸಿದ್ಧವಾದ ದಿನ ಕ್ಷೌರಿಕ ಎರಡು ಕಂಬಿಗಳ ನಡುವೆ ನಿಂತು, ಮೊದಲು ಕಂಬಿ ಹಿಡಿದು, ಆಮೇಲೆ ಕೈಬಿಟ್ಟು, ಆ ತುದಿಯಿಂದ ಈ ತುದಿಗೆ ನಡೆದ. ಬೆಂಚಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆತನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಗಿದೆ ಅಣ್ಣ?" ಎಂದು ಸಣ್ಣಕ್ಕ ಕೇಳಿದಳು.

"ಚೆನ್ನಾಗಿದೆ ಮೇಡಂ. ಇನ್ಮೇಲೆ ಹೆಂಡ್ತಿ ಬೈದ್ರೆ ಕಾಲಿಗೆ ಬುದ್ಧಿ ಹೇಳಬಹುದು!"

ಮೇಷ್ಟ್ರು ಬಟ್ಟಲಿನ ಅಂಚು ನೋಡಿದರು, ನಡಿಗೆ ನೋಡಿದರು, ಸಹಿ ಹಾಕಿದರು. ಸಣ್ಣಕ್ಕ ಹತ್ತು ಸೂಚನೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಎರಡು ವಾರ ಬಿಟ್ಟು ಬರಬೇಕೆಂದು ಚೀಟಿ ಕೊಟ್ಟು ಕಳಿಸಿದಳು. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಎರಡು ವಾರವಾಯಿತು, ಮೂರಾಯಿತು. ಕ್ಷೌರಿಕ ಬರಲಿಲ್ಲ. ದೊಡ್ಡಕ್ಕ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ, "ಬರ್ತೀನಿ, ಬರ್ತೀನಿ, ಅಂಗಡಿಯಲ್ಲಿ ಜನ" ಎಂಬ ಉತ್ತರ. ಚೆನ್ನಾಗಿರುವುದರಿಂದಲೇ ಬರುತ್ತಿಲ್ಲ ಎಂದು ಸಣ್ಣಕ್ಕ ತಿಳಿದಳು. ಫೈಲಿನಲ್ಲಿ 'ತೊಂದರೆ ಇಲ್ಲ' ಎಂದೂ ಬರೆದಿಟ್ಟಳು.

ಆರನೆಯ ವಾರ, ಒಂದು ಭಾನುವಾರ ಬೆಳಿಗ್ಗೆ, ತರಕಾರಿ ಮಾರುಕಟ್ಟೆಯಲ್ಲಿ ಆತ ಎದುರಾದ. ಎರಡು ಕಂಕುಳಲ್ಲೂ ಊರುಗೋಲು. ಪ್ಯಾಂಟಿನ ಬಲಗಾಲನ್ನು ಮಡಿಸಿ ಪಿನ್ನು ಚುಚ್ಚಿದ್ದ. ಪಕ್ಕದಲ್ಲಿ ಚೀಲ ಹಿಡಿದ ಹೆಂಡತಿ.

"ಅಣ್ಣ, ಕಾಲೆಲ್ಲಿ?"

ಕ್ಷೌರಿಕ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನಕ್ಕ. "ಮನೇಲಿದೆ ಮೇಡಂ. ಭಾನುವಾರ ಅಲ್ವಾ, ಅದಕ್ಕೂ ರಜಾ ಕೊಟ್ಟಿದೀನಿ."

"ನೋವಾಗುತ್ತಾ?"

"ಛೆ ಛೆ. ಕಾಲು ಚೆನ್ನಾಗಿದೆ. ನಾನೇ ಸರಿ ಇಲ್ಲ ಅಷ್ಟೆ."

ಹೆಂಡತಿ ಚೀಲವನ್ನು ಕೆಳಗಿಟ್ಟಳು. "ಎಷ್ಟು ದಿನ ಮುಚ್ಚಿಡ್ತೀರಿ? ಮೇಡಂ, ಮಧ್ಯಾಹ್ನ ಆಗೋ ಹೊತ್ತಿಗೆ ಅದರೊಳಗೆ ಬೆಂಕಿ ಇಟ್ಟ ಹಾಗಾಗುತ್ತೆ ಇವರಿಗೆ. ಆದ್ರೂ ಹಲ್ಲು ಕಚ್ಚಿ ನಿಲ್ತಿದ್ರು. ಒಂದು ದಿನ ಗಡ್ಡ ಮಾಡ್ತಾ ಮಾಡ್ತಾ ಕಾಲು ತಿರುಚಿ ವಾಲಿಬಿಟ್ರು. ಕತ್ತಿ ಗಿರಾಕಿ ಕಿವಿಗೆ ತಗುಲ್ತು. ಮೂರು ಹೊಲಿಗೆ. ಆವತ್ತಿಂದ ಇವರ ಕೈಲಿ ಗಡ್ಡ ಮಾಡಿಸ್ಕೊಳ್ಳೋಕೆ ಯಾರೂ ಕೂರಲ್ಲ. ನನ್ನ ತಮ್ಮ ಬಂದು ನಿಂತಿದಾನೆ. ಇವರು ಸ್ಟೂಲ್ ಮೇಲೆ ಕೂತು ಬರೀ ಕೂದಲು ಕತ್ತರಿಸ್ತಾರೆ."

"ಹೋಗ್ಲಿ ಬಿಡೇ, ಮಾರ್ಕೆಟ್ನಲ್ಲಿ ನಿಂತು..." ಎಂದು ಆತ ಗೊಣಗಿದ.

ಸಣ್ಣಕ್ಕ ಕೊಂಡ ತರಕಾರಿಯನ್ನು ಅಂಗಡಿಯಲ್ಲೇ ಮರೆತು ಮನೆಗೆ ಬಂದಳು.

ಸೋಮವಾರ ಬೆಳಿಗ್ಗೆ ಮೇಷ್ಟ್ರ ಮುಂದೆ ನಿಂತಾಗ ಮಾತು ಸರಾಗವಾಗಿ ಬಂತು. "ಮಧ್ಯಾಹ್ನದ ಮೇಲೆ ಉಳಿದ ಕಾಲಿನ ಗಾತ್ರ ಸ್ವಲ್ಪ ಇಳಿದು ಬಟ್ಟಲು ಸಡಿಲಾಗುತ್ತೆ, ಇನ್ನೊಂದು ಕಾಲುಚೀಲ ಹಾಕ್ಕೊಳ್ಳಿ ಅಂದಿದ್ದೆ, ಹಾಕ್ಕೊಂಡಿಲ್ಲ. ಗಂಟೆಗೊಂದು ಸಲ ಕೂತ್ಕೊಳ್ಳಿ ಅಂದಿದ್ದೆ, ಕೂತಿಲ್ಲ. ಎರಡು ವಾರಕ್ಕೆ ಬನ್ನಿ ಅಂದಿದ್ದೆ, ಬಂದಿಲ್ಲ."

"ಸರಿ. ಹಾಗೇ ಬರೆದಿಡು" ಅಂದರು ಮೇಷ್ಟ್ರು.

ಅವಳು ಬರೆದಳು: 'ಸೂಚನೆ ಪಾಲಿಸಿಲ್ಲ.'

"ಈಗ ಗಟ್ಟಿಯಾಗಿ ಓದು."

ಓದಿದಳು. ಓದುವಾಗ ಅದು ಬರೆದಾಗಿನಷ್ಟು ಚೆನ್ನಾಗಿ ಕೇಳಿಸಲಿಲ್ಲ.

"ಆತ ದಿನಕ್ಕೆ ಎಷ್ಟು ಹೊತ್ತು ನಿಲ್ತಾನೆ?"

"ಗೊತ್ತಿಲ್ಲ ಮೇಷ್ಟ್ರೇ."

"ಕೆಲಸ ಮಾಡ್ತಾ ಯಾವ ಕಡೆ ತಿರುಗ್ತಾನೆ? ಯಾವ ಕಾಲಿನ ಮೇಲೆ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ" ಅಂದರು ಮೇಷ್ಟ್ರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹತ್ತು ಹೆಜ್ಜೆ ನಡೆದಿದ್ದು ನೋಡಿ ಸಹಿ ಹಾಕಿದೆ. ಅವನು ನಡೆಯೋ ಕೆಲಸದವನಲ್ಲ, ನಿಲ್ಲೋ ಕೆಲಸದವನು ಅಂತ ಈ ತಲೆಗೂ ಹೊಳೀಲಿಲ್ಲ. ನಿನ್ನೊಬ್ಬಳದೇ ಅಲ್ಲ ತಪ್ಪು. ಈಗ ಹೇಳು, ಈ ಫೈಲ್ ಬೇರೆಯವರಿಗೆ ಕೊಡ್ಲಾ?"

"ಬೇಡ. ನಾನೇ ಮಾಡ್ತೀನಿ."

"ಅದನ್ನ ನೀನೂ ಹೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ. ಆತ ಹೇಳ್ಬೇಕು. ಹೋಗಿ ಕೇಳು."

ಅವಳು ತಕ್ಷಣ ಹೋಗಲಿಲ್ಲ. ಎರಡು ದಿನ ಬೇರೆ ಬೇರೆ ಕೆಲಸ ಹುಡುಕಿಕೊಂಡಳು. ಬುಧವಾರ ಸಂಜೆ ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಮಕ್ಕಳ ಸಮವಸ್ತ್ರಕ್ಕೆ ಗುಂಡಿ ಕಾಜ ಮಾಡುತ್ತಿದ್ದಾಗ ಎಲ್ಲವನ್ನೂ ಹೇಳಿಕೊಂಡಳು. ಹೇಳುತ್ತ ಹೇಳುತ್ತ ಮತ್ತೆ ಕಾಲುಚೀಲದ ವಿಷಯಕ್ಕೇ ಬಂದಳು.

"ಕುಣಿಯಲಾರದವಳಿಗೆ ನೆಲ ಡೊಂಕು" ಅಂದಳು ಅಮ್ಮ, ತಲೆ ಎತ್ತದೆ.

"ಅಮ್ಮಾ!"

"ಮತ್ತೇನು? ನಂಗೂ ಎಷ್ಟು ಅಂಗಿ ವಾಪಸ್ ಬಂದಿಲ್ಲ? ಅಳತೆ ಕೊಡೋಕೆ ನಿಂತಾಗ ಎಲ್ಲ ಮಕ್ಕಳೂ ಹೊಟ್ಟೆ ಒಳಗೆಳ್ಕೊಂಡು ಸಿಪಾಯಿ ಥರ ನಿಲ್ತಾವೆ. ಆ ಅಳತೆಗೆ ಹೊಲಿದ್ರೆ ಊಟ ಆದ್ಮೇಲೆ ಗುಂಡಿ ಹಾರುತ್ತೆ. ಅಳತೆ ಕೊಡೋಕೆ ನಿಂತ ಮನುಷ್ಯ ಬೇರೆ ಕಣೇ, ಬಟ್ಟೆ ಹಾಕ್ಕೊಂಡು ಬದುಕೋ ಮನುಷ್ಯ ಬೇರೆ." ದಾರವನ್ನು ಹಲ್ಲಿನಿಂದ ಕತ್ತರಿಸಿ ಮಗಳ ಮುಖ ನೋಡಿದಳು. "ಅನ್ನ ತಣ್ಣಗಾಗ್ತಿದೆ. ತಿಂದು ಮಲಕ್ಕೋ. ನಾಳೆ ಹೋಗು."

ಕ್ಷೌರದಂಗಡಿ ಒಂದು ತಿರುವಿನಲ್ಲಿತ್ತು. ಒಂದೇ ಕೋಣೆ, ಎರಡು ಕನ್ನಡಿ, ಒಂದು ಎತ್ತರದ ಕುರ್ಚಿ, ಕಾಯುವವರಿಗೆ ಮರದ ಬೆಂಚು, ಹಿಂದೆ ಪರದೆ ಕಟ್ಟಿದ ಮೂಲೆ. ಸಣ್ಣಕ್ಕ ಒಳಗೆ ಕಾಲಿಟ್ಟಾಗ ಬೆಂಚಿನಲ್ಲಿದ್ದ ಮೂವರು ಗಂಡಸರು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಳಿಸಿದರು. ಹೆಂಗಸೊಬ್ಬಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲಿರಬೇಕು.

"ಮೇಡಂಗೆ ಕಟಿಂಗಾ, ಶೇವಿಂಗಾ?" ಎಂದ ಕ್ಷೌರಿಕ, ಸ್ಟೂಲಿನ ಮೇಲಿಂದಲೇ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಉಸಿರು ಸ್ವಲ್ಪ ಹಗುರವಾಯಿತು.

ಜನ ಕರಗಿದ ಮೇಲೆ ಪರದೆಯ ಹಿಂದೆ ಆತ ಪ್ಯಾಂಟು ಮೇಲಕ್ಕೆತ್ತಿ ತೋರಿಸಿದ. ಹೊರಬದಿಯ ಎಲುಬಿನ ಮೇಲೆ ನಾಣ್ಯದಗಲ ಹುಣ್ಣು. ಮುಂದಿನ ತುದಿಯಲ್ಲಿ ಇನ್ನೊಂದು, ಆಗತಾನೇ ಒಣಗುತ್ತಿದ್ದದ್ದು. ಅವಳು ಬಹಳ ಹೊತ್ತು ನೋಡಿದಳು. "ತಪ್ಪು ನಂದು ಅಣ್ಣ" ಅಂದಳು. "ಆದ್ರೆ ಯಾಕೆ ಬಂದು ಹೇಳಲಿಲ್ಲ?"

ಕ್ಷೌರಿಕ ಪ್ಯಾಂಟು ಇಳಿಸಿಕೊಂಡ. ಮುಖದ ನಗು ಹೋಗಿತ್ತು. "ಹೇಗೆ ಹೇಳೋದು ಮೇಡಂ? ಅವತ್ತು ಎಲ್ರೂ ಚಪ್ಪಾಳೆ ಹೊಡೆದ್ರಿ. ನಿಮ್ಮ ಮುಖ ನೋಡಿದ್ರೆ ಹುಣ್ಣಿಮೆ. ನಾನೂ ಕೈಕೆಲಸದವನೇ. ಕೂದಲು ಕತ್ತರಿಸಿಕೊಂಡವರು ಕನ್ನಡಿ ನೋಡಿ ಮುಖ ಸಣ್ಣ ಮಾಡಿದ್ರೆ ನಂಗೆ ಆ ದಿನವೆಲ್ಲ ಊಟ ಸೇರಲ್ಲ. ಅದಕ್ಕೇ ಬಾಯಿ ಬರಲಿಲ್ಲ."

"ಇನ್ನೊಂದು ಸಲ ಮಾಡೋಕೆ ಬಿಡ್ತೀರಾ?"

ಆತ ಉತ್ತರಿಸುವ ಮೊದಲೇ, ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ದನಿ ಬಂತು. "ಬಿಡ್ತಾರೆ. ಆದ್ರೆ ಈ ಸಲ ನಾನೂ ಜೊತೇಲಿರ್ತೀನಿ. ಇವರ 'ಚೆನ್ನಾಗಿದೆ'ಯನ್ನ ಯಾರೂ ನಂಬಬೇಡಿ."

ಹುಣ್ಣು ಪೂರ್ತಿ ಮಾಯಲು ಐದು ವಾರ ಬೇಕೆಂದು ವೈದ್ಯರು ಹೇಳಿದರು. ಅಲ್ಲಿಯವರೆಗೆ ಹೊಸ ಅಚ್ಚು ತೆಗೆಯುವಂತಿರಲಿಲ್ಲ. ಆ ಐದು ವಾರ ಸಣ್ಣಕ್ಕ ವಾರಕ್ಕೆರಡು ಮಧ್ಯಾಹ್ನ ಆ ಬೆಂಚಿನ ತುದಿಯಲ್ಲಿ ನೋಟ್‌ಪುಸ್ತಕ ಹಿಡಿದು ಕೂತಳು. ಮೊದಲ ವಾರ ಗಿರಾಕಿಗಳು ಮುಜುಗರಪಟ್ಟರು. ಎರಡನೆಯ ವಾರ ಅವಳಿಗೆ 'ಕಾಲಿನ ಮೇಡಂ' ಎಂದು ಹೆಸರಿಟ್ಟರು. ಮೂರನೆಯ ವಾರ ತಮ್ಮ ತಮ್ಮ ಮಂಡಿನೋವಿಗೆ ಔಷಧಿ ಕೇಳತೊಡಗಿದರು.

ಭಾವಮೈದುನ ಕೆಲಸ ಕಲಿತದ್ದು ಕ್ಷೌರಿಕನ ಕೈಯಲ್ಲೇ. ಕತ್ತಿ ಹಿಡಿಯುವುದು, ಹೆಜ್ಜೆ ಇಡುವುದು ಎಲ್ಲ ಅದೇ ಅಚ್ಚು. ಅವನು ಕುರ್ಚಿಯ ಸುತ್ತ ಹೇಗೆ ಸರಿಯುತ್ತಾನೆಂದು ಅವಳು ಗುರುತು ಹಾಕಿಕೊಂಡಳು. ಆದರೆ ಹೆಚ್ಚು ಹೇಳಿದ್ದು ನೆಲ. ಒಂದು ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಉದುರಿದ ಕೂದಲನ್ನೆಲ್ಲ ಗುಡಿಸಿದ ಮೇಲೆ, ನೆಲಕ್ಕೆ ಹಾಸಿದ್ದ ಹಳೆಯ ಹಸಿರು ಹಾಸು ಕುರ್ಚಿಯ ಸುತ್ತ ಅರ್ಧಚಂದ್ರದಂತೆ ಸವೆದಿರುವುದು ಕಣ್ಣಿಗೆ ಬಿತ್ತು. ಕುರ್ಚಿಯ ಹಿಂದೆ, ಬಲಕ್ಕೆ, ಒಂದೇ ಒಂದು ಕಡೆ ಹಾಸು ಪೂರ್ತಿ ಹರಿದು ಕೆಳಗಿನ ಸಿಮೆಂಟೂ ತಟ್ಟೆಯಗಲ ನುಣ್ಣಗೆ ತಗ್ಗಾಗಿತ್ತು. ಅವಳು ಮಂಡಿಯೂರಿ ಅದರ ಮೇಲೆ ಬೆರಳಾಡಿಸಿದಳು.

"ಇಲ್ಲೇನು ಮಾಡ್ತೀರಿ ನೀವು?"

ಕ್ಷೌರಿಕ ಸ್ಟೂಲಿನಿಂದ ಬಗ್ಗಿ ನೋಡಿದ. "ಅಲ್ಲೇ ಮೇಡಂ ತಿರುಗೋದು. ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಹೋಗ್ಬೇಕಲ್ಲ. ಬಲಗಾಲು ಊರಿ ಗಿರ್ರಂತ. ಹದಿನೈದು ವರ್ಷದಿಂದ."

ಅವಳು ಮಾಡಿದ್ದ ಕಾಲು ಮುಂದಕ್ಕೆ ಹೆಜ್ಜೆ ಹಾಕುವುದಕ್ಕೆ ಮಾಡಿದ್ದು. ಊರಿ ತಿರುಗುವುದಕ್ಕಲ್ಲ. ರಬ್ಬರಿನ ಪಾದ ನೆಲವನ್ನು ಕಚ್ಚಿಕೊಂಡಾಗ, ಮೇಲಿನ ದೇಹ ತಿರುಗಿದಾಗ, ಆ ತಿರುಚು ಪೂರ್ತಿ ಬಟ್ಟಲೊಳಗಿನ ಚರ್ಮದ ಮೇಲೆ ಬಿದ್ದಿತ್ತು. ದಿನಕ್ಕೆ ನೂರಾರು ಸಲ. ಇನ್ನು ಕಾಲುಚೀಲದ ಮಾತು: ಪರದೆಯ ಹಿಂದೆ ಹೋಗಿ, ಪ್ಯಾಂಟು ಬಿಚ್ಚಿ, ಕಾಲು ತೆಗೆದು, ಚೀಲ ಹಾಕಿ, ಮತ್ತೆ ಎಲ್ಲ ತೊಡಲು ಕಾಲು ಗಂಟೆ. ಕೆನ್ನೆಗೆ ಸೋಪು ಬಳಿಸಿಕೊಂಡ ಗಿರಾಕಿ ಅಷ್ಟು ಹೊತ್ತು ಒಣಗುತ್ತ ಕೂರಬೇಕು. ಅದು ಪಾಲಿಸಬಹುದಾದ ಸೂಚನೆಯೇ ಆಗಿರಲಿಲ್ಲ.

ಮೇಷ್ಟ್ರ ಹತ್ತಿರ ಇದನ್ನೆಲ್ಲ ಹೇಳಿದಾಗ ಅವರು ತಿರುಚನ್ನು ತಾಳುವ ಕೀಲು ಇಂಥ ಕಾಲುಗಳಿಗೆ ಸಿಗುತ್ತದೆ, ತರಿಸಲು ತಿಂಗಳುಗಟ್ಟಲೆ ಆಗುತ್ತದೆ ಅಂದರು. ಅದು ಬರುವವರೆಗೆ ಬಟ್ಟಲಿಗೆ ಮೆತ್ತನೆಯ ಒಳಪದರ ಕೊಟ್ಟು, ಹೊರ ಎಲುಬಿಗೆ ಇನ್ನಷ್ಟು ಜಾಗ ಬಿಟ್ಟು, ಪಾದವನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ ಕೂರಿಸುವುದೆಂದಾಯಿತು. ಅಮ್ಮ ಆತನ ಎರಡು ಪ್ಯಾಂಟುಗಳ ಹೊರಬದಿಗೆ ತೊಡೆಯಿಂದ ಪಾದದವರೆಗೆ ಉದ್ದನೆಯ ಜಿಪ್ಪು ಹೊಲಿದುಕೊಟ್ಟಳು. ಕಾಲುಚೀಲದ ಕೆಲಸ ಎರಡು ನಿಮಿಷಕ್ಕಿಳಿಯಿತು.

ಉಳಿದಿದ್ದ ದೊಡ್ಡ ತೊಡಕನ್ನು ಬಿಡಿಸಿದವಳು ಹೆಂಡತಿ. ಸಣ್ಣಕ್ಕ ಚಿತ್ರ ಬರೆದು ವಿವರಿಸುತ್ತಿದ್ದಾಗ ಅವಳು ಕೇಳಿ ಕೇಳಿ, "ಇವರು ಯಾಕೆ ತಿರುಗ್ಬೇಕು? ಕುರ್ಚಿ ತಿರುಗಲಿ" ಅಂದಳು.

"ಅದು ತಿರುಗೋ ಕುರ್ಚೀನೇ. ತುಕ್ಕು ಹಿಡಿದು ಕೂತು ಹದಿನೈದು ವರ್ಷ ಆಯ್ತು" ಎಂದ ಕ್ಷೌರಿಕ.

"ತುಕ್ಕು ಬಿಡಿಸೋಕಾಗಲ್ವಾ?"

ಆತನೂ ಸಣ್ಣಕ್ಕನೂ ಮುಖ ಮುಖ ನೋಡಿಕೊಂಡರು. ಮಾರನೆಯ ದಿನ ಎದುರಿನ ಸೈಕಲ್ ರಿಪೇರಿಯವನು ಕುರ್ಚಿಯನ್ನು ಮಗುಚಿ, ಸೀಮೆಎಣ್ಣೆ ಸುರಿದು, ಸುತ್ತಿಗೆಯಿಂದ ಬಡಿದು, ಗ್ರೀಸು ಮೆತ್ತಿದ. ಸಂಜೆಗೆ ಕುರ್ಚಿ ಒಂದೇ ಬೆರಳಿಗೆ ತಿರುಗಿತು. ಆ ಕೀಲಿಗೆ ಕಾಯುವ ಅಗತ್ಯವೂ ಉಳಿಯಲಿಲ್ಲ.

ಎರಡನೆಯ ಕಾಲು ಸಿದ್ಧವಾದಾಗ ಸಣ್ಣಕ್ಕ ಕಂಬಿಗಳ ನಡುವೆ ಹತ್ತು ಹೆಜ್ಜೆ ನಡೆಸಿ ಬಿಡಲಿಲ್ಲ. "ನಿಮ್ಮ ಕತ್ತರಿ, ಬಾಚಣಿಗೆ ತಗೊಂಡು ಬನ್ನಿ" ಎಂದಿದ್ದಳು. ಬೆಳಿಗ್ಗೆ ಹತ್ತಕ್ಕೆ ಕಾರ್ಯಾಗಾರದ ನಡುವೆ ಕಚೇರಿಯ ತಿರುಗುವ ಕುರ್ಚಿ ಹಾಕಿ, ಮೊದಲು ಮೇಷ್ಟ್ರನ್ನೇ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದಳು.

"ನಂಗಿರೋದೇ ನಾಲ್ಕು ಕೂದಲು" ಎಂದರು ಮೇಷ್ಟ್ರು.

"ನಾಲ್ಕೇ ಇರೋರಿಗೆ ಹುಷಾರಾಗಿ ಕತ್ತರಿಸ್ಬೇಕು ಸಾರ್, ಒಂದು ಹೋದ್ರೆ ಕಾಲುಭಾಗ ಹೋಯ್ತು" ಎಂದ ಕ್ಷೌರಿಕ.

ಮೇಷ್ಟ್ರಾದ ಮೇಲೆ ಕಾರ್ಯಾಗಾರದ ಬಡಗಿ, ಬಡಗಿಯಾದ ಮೇಲೆ ಕಾವಲಿನವನು. ಪ್ರತಿ ತಲೆಗೂ ಸಣ್ಣಕ್ಕ ಎದ್ದು ಬಂದು, "ಎಲ್ಲಿ ನೋಯುತ್ತೆ?" ಎಂದು ಕೇಳಿದಳು. ಹೇಗಿದೆ ಎಂದು ಕೇಳುವುದನ್ನು ಬಿಟ್ಟಿದ್ದಳು.

"ಎಲ್ಲೂ ಇಲ್ಲ ಮೇಡಂ."

"ಸುಳ್ಳು. ಎಡಗಣ್ಣು ಸಣ್ಣ ಮಾಡ್ತಿದಾರೆ, ನೋಡಿ. ಅದು ನೋವಿನ ಗುರುತು" ಎಂದಳು ಬೆಂಚಿನಲ್ಲಿದ್ದ ಹೆಂಡತಿ.

"ಅಳೋ ಮಗೂಗೇ ಹಾಲು ಅಣ್ಣ. ನೀವು ಹೇಳದಿದ್ರೆ ನಂಗೆ ಕೆಲಸ ಬರಲ್ಲ."

ಕ್ಷೌರಿಕ ಕತ್ತರಿಯನ್ನು ಕೆಳಗಿಟ್ಟ. ಮೊಣಕಾಲ ಹಿಂದೆ ಬೆರಳಿಟ್ಟ. "ಇಲ್ಲಿ. ಬಿಸಿ ಬಿಸಿ." ಆಮೇಲೆ, "ಮುಂದಿನ ತುದೀಲೂ."

ಬಿಚ್ಚಿ ನೋಡಿದರೆ ಎರಡೂ ಕಡೆ ಕೆಂಪು. ಹಿಂದಿನದು ಅಂಚಿನ ತಪ್ಪು; ಅರ ಹಿಡಿದು ಹತ್ತು ನಿಮಿಷದಲ್ಲಿ ಸರಿಮಾಡಿದಳು. ಮುಂದಿನದು ಅಷ್ಟಕ್ಕೆ ಬಗ್ಗಲಿಲ್ಲ. ಒಂದು ವಾರ ಉಜ್ಜಿದಳು, ಪದರ ಅಂಟಿಸಿದಳು, ಕಿತ್ತಳು. ಕೊನೆಗೆ ಆ ಬಟ್ಟಲನ್ನು ಪಕ್ಕಕ್ಕಿಟ್ಟು ಹೊಸದಾಗಿ ಅಚ್ಚು ತೆಗೆದಳು. ಈ ಸಲ ಬೆಳಿಗ್ಗೆಯಲ್ಲ, ಸಂಜೆ ನಾಲ್ಕಕ್ಕೆ, ದಿನದ ಕೆಲಸದಿಂದ ಉಳಿದ ಕಾಲು ಇಳಿದಿದ್ದ ಹೊತ್ತಿನಲ್ಲಿ. ಬೆಳಿಗ್ಗೆಯ ಅಳತೆಯನ್ನೂ ಪಕ್ಕದಲ್ಲಿ ಬರೆದುಕೊಂಡಳು. ಒಳಗೊಳಗೇ ಹೆದರಿಕೆಯಿತ್ತು. ಎರಡು ಸಲ ಎಡವಿದವಳು ಮೂರನೆಯ ಸಲವೂ ಎಡವಿದರೆ ಮೇಷ್ಟ್ರ ಮುಖ ಹೇಗೆ ನೋಡುವುದೆಂದು ಯೋಚಿಸುತ್ತ ಕೈ ಮಾತ್ರ ಅವಸರ ಮಾಡದೆ ಉಜ್ಜಿದಳು.

ಮೂರನೆಯ ಬಟ್ಟಲು ನಿಂತಿತು. ಮೊದಲ ತಿಂಗಳು ದಿನಕ್ಕೆ ಎರಡೇ ಗಂಟೆ, ಮುಂದಿನ ತಿಂಗಳು ಅರ್ಧ ದಿನ, ಆಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ. ಮಧ್ಯಾಹ್ನ ಪರದೆಯ ಹಿಂದೆ ಜಿಪ್ಪಿನ ಸರ್ರ್ ಶಬ್ದ ಕೇಳಿದರೆ ಎರಡು ಗಂಟೆಯಾಯಿತೆಂದು ಬೆಂಚಿನವರಿಗೆ ಗೊತ್ತಾಗುತ್ತಿತ್ತು. ಗಡ್ಡದ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಕಿವಿಗೆ ಹೊಲಿಗೆ ಹಾಕಿಸಿಕೊಂಡವರು ಮಾತ್ರ ಮತ್ತೆ ಆ ಕಡೆ ಸುಳಿಯಲಿಲ್ಲ. ಕ್ಷೌರಿಕ ಒಂದು ದಿನ ಅವರ ಮನೆಗೆ ನಡೆದುಕೊಂಡೇ ಹೋಗಿ ಕ್ಷಮೆ ಕೇಳಿ ಬಂದ. ಅವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರಂತೆ. "ಅವರದ್ದೂ ತಪ್ಪಲ್ಲ ಬಿಡಿ, ಕಿವಿ ಅವರದು" ಎಂದು ಸಣ್ಣಕ್ಕನಿಗೆ ಹೇಳಿದ.

ಫೈಲಿನಲ್ಲಿ 'ಸೂಚನೆ ಪಾಲಿಸಿಲ್ಲ' ಎಂದಿದ್ದ ಸಾಲನ್ನು ಅವಳು ಹರಿದು ಹಾಕಲಿಲ್ಲ. ಒಂದು ಗೆರೆ ಎಳೆದು, ಕೆಳಗೆ ಏನು ನಡೆಯಿತೆಂದು ಎರಡು ಪುಟ ಬರೆದಳು. ಮೇಷ್ಟ್ರು ಅದನ್ನು ಓದಿ, ಅಳತೆಗೆ ಮೊದಲು ಕೆಲಸದ ಜಾಗ ನೋಡಿ ಬರಬೇಕೆಂದು ನಿಯಮ ಮಾಡಿದರು. ಇರುವ ಕೆಲಸಕ್ಕೇ ಕೈ ಸಾಲುತ್ತಿಲ್ಲ, ಇನ್ನು ಊರು ಸುತ್ತುವುದು ಬೇರೆ ಎಂದು ಬಡಗಿ ಗೊಣಗಿದ. ಗೊಣಗುತ್ತಲೇ ಹೋಗಿಬಂದ. ಎರಡು ವರ್ಷದ ಮೇಲೆ ಅಳತೆ ಕೋಣೆಯ ಪೂರ್ತಿ ಹೊಣೆ ಸಣ್ಣಕ್ಕನಿಗೆ ಬಂತು. ಅವಳ ಕೈಕೆಳಗೆ ಈಗ ಇಬ್ಬರು ಕಲಿಯುವವರು.

ಕಳೆದ ತಿಂಗಳು ಅವಳು ಹೂವಿನ ಸಸಿ ಬೆಳೆಸುವ ಒಬ್ಬ ಹೆಂಗಸಿಗೆ ಕಾಲು ಮಾಡಿಕೊಟ್ಟಳು. ಅವರ ಗಾಜಿನ ಮನೆಗೆ ಹೋಗಿ, ದಿನವಿಡೀ ಮಂಡಿಯೂರಿ ಮಣ್ಣು ಕೆದಕುವುದನ್ನು ನೋಡಿ, ಬಗ್ಗುವುದಕ್ಕೆ ತಕ್ಕಂತೆ ಬಟ್ಟಲಿನ ಹಿಂದಂಚು ತಗ್ಗಿಸಿ ಮಾಡಿದ್ದಳು. ಮೂರೇ ವಾರಕ್ಕೆ ಆ ಹೆಂಗಸು ಕಾಲನ್ನು ಕಂಕುಳಲ್ಲಿ ಇರುಕಿಕೊಂಡು, ಊರುಗೋಲು ಕುಟ್ಟುತ್ತ ಬಂದರು. ದೊಡ್ಡಕ್ಕನ ಚೀಟಿಗೂ ಕಾಯದೆ ನೇರ ಒಳಗೆ ನುಗ್ಗಿ ಕಾಲನ್ನು ಮೇಜಿನ ಮೇಲಿಟ್ಟರು.

"ಮಂಡಿ ಊರೋದೇನೋ ಸರಿ. ಆದ್ರೆ ತುಂಬಿದ ನೀರಿನ ಡಬ್ಬ ಎತ್ತಿದ್ರೆ ಒಳಗೆ ಕಾಲು ಲೊಟಲೊಟ ಅಂತಿದೆ. ಇದೇನು ಕಾಲೋ, ಹಳೇ ಚಪ್ಪಲಿಯೋ?"

ಕಲಿಯುವವರಿಬ್ಬರೂ ತಲೆ ತಗ್ಗಿಸಿದರು. ಡಬ್ಬ ಎತ್ತುವುದನ್ನು ಸಣ್ಣಕ್ಕ ನೋಡಿರಲಿಲ್ಲ. ತಾನು ಹೋದ ದಿನ ನೀರು ಹಾಕುವ ಸರದಿ ಇರಲಿಲ್ಲ. ಅವಳು ಕೈಗಂಟಿದ ಪ್ಲಾಸ್ಟರನ್ನು ಒರೆಸಿಕೊಂಡು, ಆ ಹೆಂಗಸಿಗೊಂದು ಕುರ್ಚಿ ಎಳೆದು ಹಾಕಿ, ಕಲಿಯುವವರಲ್ಲಿ ಒಬ್ಬಳಿಗೆ ಹೊರಗಿನ ಬಕೆಟ್ಟನ್ನು ತುಂಬಿಸಿ ತರಲು ಹೇಳಿದಳು.